ಹಗ್ಗ ಹಿಡಿಯುವವನು

“ಗುರುಗಳೇ, ಕಾಡಿನ ಜನ ತಮ್ಮ ಹಾಡಿಯ ಗುಡಿಸಲು ಬಿಟ್ಟು ಕಾಫಿ ತೋಟಕ್ಕೆ ಹೋಗಿಬಿಡ್ತಾರೆ. ಕೂಲಿಯ ಆಸೆಗೇ ತಾನೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹಾಡಿಯಲ್ಲಿ ಒಬ್ಬ ಜೇನು ಕೀಳುವವನಿದ್ದ. ಅವನು ಮರ ಹತ್ತಿದಾಗ ಸೊಂಟದ ಹಗ್ಗವನ್ನು ಕೆಳಗೆ ಹಿಡಿಯುತ್ತಿದ್ದವನು ಹೆಂಡತಿಯ ತಮ್ಮ. ಅವರಲ್ಲಿ ಅದೇ ರೂಢಿ. ಅಕ್ಕನ ಗಂಡ ಬೀಳಲಿ ಅಂತ ಯಾವ ತಮ್ಮನೂ ಕೈ ಸಡಿಲ ಬಿಡುವುದಿಲ್ಲ.

ಒಂದು ಮಳೆಗಾಲ ಭಾಮೈದನ ಮನೆಯಲ್ಲಿ ರಾಗಿ ಮುಗಿಯಿತು. ಅದೇ ವಾರ ಹಾಡಿಗೆ ತೋಟದ ಜೀಪು ಬಂತು. ಅವನು ಹೆಂಡತಿಯ ಜೊತೆ ಹತ್ತಿ ಕೂತ. “ಜೇನಿನ ಕಾಲಕ್ಕೆ ಬರ್ತೀನಿ ಭಾವ” ಅಂದ.

ಜೇನಿನ ಕಾಲ ಬಂತು. ಅವನು ಬರಲಿಲ್ಲ.

ಜೇನಿನವನು ತನ್ನ ಅಣ್ಣನನ್ನು ಕರೆದ. ಅಣ್ಣ ಸ್ವಲ್ಪ ಯೋಚಿಸಿದ. “ಬೇಡಪ್ಪ. ನೀನು ಬಿದ್ದರೆ ನಿನ್ನ ಜೇನುಮರ ನನಗೆ ಬರುತ್ತೆ. ನಾನು ಒಳ್ಳೆಯವನೇ. ಸುಮ್ಮನೆ ಯಾಕೆ ಪರೀಕ್ಷೆ ಮಾಡ್ತೀಯ?”

ಕೊನೆಗೆ ಅವನು ಹಗ್ಗವನ್ನು ಒಂದು ಮರದ ಮೋಟಿಗೆ ಕಟ್ಟಿ ಹತ್ತಿದ. ಆ ಮೋಟಿಗೆ ಅಕ್ಕ ಇರಲಿಲ್ಲ, ಗೆದ್ದಲಿತ್ತು. ಅವನು, ಬುಟ್ಟಿ, ಜೇನುಹುಟ್ಟು ಮೂರೂ ಒಟ್ಟಿಗೆ ಮುಳ್ಳುಪೊದೆಯ ಮೇಲೆ ಬಿದ್ದವು. ಹುಳಗಳು ಅಟ್ಟಿಸಿಕೊಂಡು ಬಂದವು. ಸಂಜೆಯವರೆಗೆ ಮೂಗೊಂದನ್ನು ಮೇಲಿಟ್ಟು ತೊರೆಯಲ್ಲಿ ಕೂತಿದ್ದ. ಜೇನುತುಪ್ಪವನ್ನು ಇರುವೆಗಳು ತಿಂದವು.

ಹೆಂಡತಿ ಮುಳ್ಳು ಕೀಳುತ್ತ, “ನಾಳೆ ಹೋಗಿ ನನ್ನ ತಮ್ಮನನ್ನೇ ಕರ್ಕೊಂಡು ಬರೋಣ. ಗೆದ್ದಲಿಗಿಂತ ವಾಸಿ” ಅಂದಳು.

ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಹೊರಟರು. ಸಂಜೆಗೆ ವಾಪಸ್ಸು ಬರುವವರು ತಾನೆ.

ತೋಟದಲ್ಲಿ ಭಾಮೈದ ನೆರಳುಮರದ ತುದಿಯಲ್ಲಿ ಕೊಂಬೆ ಕಡಿಯುತ್ತಿದ್ದ. ಕೆಳಗೆ ಮೇಸ್ತ್ರಿ ಹಗ್ಗ ಹಿಡಿದಿದ್ದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು. ಫೋನಿನ ಕೈಯೇ ಹೆಚ್ಚು ಬಿಗಿಯಾಗಿತ್ತು. ಭಾಮೈದ ಮದುವೆಯಾಗಿದ್ದು ಜೇನಿನವನ ತಂಗಿಯನ್ನು. ಅವಳು ಕಾಫಿ ಗಿಡಗಳ ನಡುವೆ ನಿಂತು, ಕೆಲಸ ಬಿಟ್ಟು, ಮೇಲೆ ನೋಡುತ್ತಿದ್ದಳು.

“ಬಂದ್ಯಾ ಭಾವ?” ಅಂತ ಮೇಲಿಂದ ಕೇಳಿತು. “ಈ ಮರದ ಸಾಲು ಮುಗಿಯೋ ತನಕ ಸ್ವಲ್ಪ ಹಗ್ಗ ಹಿಡ್ಕೊ. ಆಮೇಲೆ ಹೋಗೋಣ.”

ಜೇನಿನವನು ತಂಗಿಯ ಮುಖ ನೋಡಿದ. ಮೇಸ್ತ್ರಿಯ ಕೈಯಿಂದ ಹಗ್ಗ ತೆಗೆದುಕೊಂಡ. ಸಾಲು ಗುಡ್ಡದ ಆಚೆಯವರೆಗೂ ಇತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಆಮೇಲೆ ಹಾಡಿಗೆ ಯಾವಾಗ ವಾಪಸ್ಸು ಬಂದ?” ಎಂದು ಶಿಷ್ಯ ಕೇಳಿದ.

“ಹಗ್ಗ ಇನ್ನೂ ಅವನ ಕೈಯಲ್ಲೇ ಇದೆಯಪ್ಪ” ಅಂದರು ಗುರುಗಳು.