ಹೆಂಚಪ್ಪ ಸದ್ದು ಮಾಡದ ಸಂಜೆ

ಒಂದು ಕಾಡಿನಲ್ಲಿ ಮಳೆಗಾಲವೆಲ್ಲ ಹಳ್ಳಗಳು ತುಂಬಿ ಹರಿಯುತ್ತಿದ್ದವು. ಬೇಸಿಗೆ ಬಂತೆಂದರೆ ಎಲ್ಲವೂ ಒಣಗಿ, ದೊಡ್ಡ ಬಂಡೆಯ ಕೆಳಗೆ ಒಂದೇ ಒಂದು ಹೊಂಡ ಉಳಿಯುತ್ತಿತ್ತು. ಆಗ ಕಾಡಿನ ಸಣ್ಣ ಪ್ರಾಣಿಗಳೆಲ್ಲ ಸಂಜೆಯ ಹೊತ್ತಿಗೆ ಒಟ್ಟಾಗಿ ಅಲ್ಲಿಗೆ ನೀರಿಗೆ ಬರುತ್ತಿದ್ದವು. ಒಟ್ಟಾಗಿ ಏಕೆಂದರೆ, ಆ ಹೊಂಡ ಚಿರತೆಗೂ ಗೊತ್ತಿತ್ತು.

ಅವುಗಳಲ್ಲಿ ಒಂದು ಕಟ್ಟಳೆಯಿತ್ತು. ದಿನಕ್ಕೊಬ್ಬರು ಬಂಡೆಯ ಮೇಲೆ ಕಾವಲು ಕೂರಬೇಕು. ಎಲ್ಲರೂ ಕುಡಿದು ಮುಗಿಸುವ ತನಕ ಕಾವಲಿನವರು ನೀರು ಮುಟ್ಟಬಾರದು. ಚಿರತೆಯ ಸುಳಿವು ಸಿಕ್ಕ ಕೂಡಲೇ ಅವರು ತಮ್ಮದೇ ರೀತಿಯಲ್ಲಿ ಸದ್ದು ಮಾಡಬೇಕು. ಮುಸುವ ಗಟ್ಟಿಯಾಗಿ ಕೆಮ್ಮುತ್ತಿತ್ತು. ಮೊಲ ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು. ಮುಳ್ಳುಹಂದಿ ಮುಳ್ಳುಗಳನ್ನು ಝಳಝಳ ಎನ್ನಿಸುತ್ತಿತ್ತು. ಸದ್ದು ಕೇಳಿದವರು ಹಿಂದೆ ತಿರುಗಿ ನೋಡದೆ ಓಡಬೇಕು.

ಆ ಗುಂಪಿನಲ್ಲಿ ಹೆಂಚಪ್ಪ ಎಂಬ ಚಿಪ್ಪುಹಂದಿಯೂ ಇದ್ದ. ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಅವನ ಮೈತುಂಬ ಚಿಪ್ಪುಗಳಿದ್ದವು. ಅದಕ್ಕೇ ಆ ಹೆಸರು. ಅಪಾಯ ಬಂದರೆ ಅವನು ಮೂತಿಯನ್ನು ಹೊಟ್ಟೆಯೊಳಗೆ ಸೇರಿಸಿ, ಮೇಲೆ ಬಾಲ ಸುತ್ತಿ ಉಂಡೆಯಾಗಿಬಿಡುತ್ತಿದ್ದ. ಚಿರತೆ ಎಷ್ಟು ಉರುಳಿಸಿದರೂ ಆ ಉಂಡೆ ಬಿಚ್ಚುತ್ತಿರಲಿಲ್ಲ. ಅವನ ಗಂಟಲು ಬಹಳ ಸಣ್ಣದು. ಆದ್ದರಿಂದ ಕಾವಲಿನ ದಿನ ಅವನು ಬೆನ್ನನ್ನು ಬಂಡೆಗೆ ಉಜ್ಜಿ ಕರ್ ಕರ್ ಎಂದು ಸದ್ದು ಮಾಡಬೇಕೆಂದು ಎಲ್ಲರೂ ಒಪ್ಪಿದ್ದರು.

ಅವನಿಗೆ ಕಾವಲೆಂದರೆ ಬೇಸರ. ಕೊನೆಗೆ ಕುಡಿಯುವವರಿಗೆ ಕಲಕಿದ ಕೆಸರುನೀರೇ ಗತಿ.

"ನನಗೆ ಕಣ್ಣು ಮಂದ. ನನ್ನನ್ನ ಬಿಟ್ಟುಬಿಡಿ," ಎಂದು ಒಮ್ಮೆ ಹೇಳಿ ನೋಡಿದ.

ಮುಳ್ಳುಹಂದಿಗಳಲ್ಲೆಲ್ಲ ಹಿರಿಯಳಾದ ಸೂಜಜ್ಜಿ ನಕ್ಕಳು. "ಕಣ್ಣು ಮಂದ, ಸರಿ. ನೆಲದೊಳಗಿನ ಗೆದ್ದಲಿನ ವಾಸನೆ ಹಿಡಿಯೋ ಮೂಗಿಗೆ ಅಷ್ಟು ದೊಡ್ಡ ಚಿರತೆಯ ವಾಸನೆ ಬರಲ್ವೇನೋ?"

ಎಲ್ಲರೂ ನಕ್ಕರು. ಹುರುಳಿ ಎಂಬ ಮೊಲ ಮಾತ್ರ ನಗಲಿಲ್ಲ. ಅವಳು ಹೆಂಚಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಅವಳ ಮರಿ ಗರಿಕೆ ಅವನನ್ನು ಮಾವ ಎನ್ನುತ್ತಿತ್ತು. ಅವನ ಬಾಲದ ಮೇಲೆ ಕೂತು ಸವಾರಿಯನ್ನೂ ಮಾಡುತ್ತಿತ್ತು.

"ಬಾಯಾರಿದ್ದರೆ ನೀವು ಕುಡೀರಿ ಅಣ್ಣ. ಇವತ್ತು ನಿಮ್ಮ ಬದಲು ನಾನು ಕೂರ್ತೀನಿ," ಎಂದು ಹುರುಳಿ ಎಷ್ಟೋ ಸಲ ಬಂಡೆ ಹತ್ತಿದ್ದಳು. ಹೆಂಚಪ್ಪ ಬೇಡ ಎಂದವನಲ್ಲ.

ಒಂದು ಸಂಜೆ ಸರದಿ ಅವನದೇ ಆಗಿತ್ತು. ಹುರುಳಿಗೆ ಅಂದು ಮೈ ಸರಿಯಿರಲಿಲ್ಲ. ಹೆಂಚಪ್ಪ ಗೊಣಗುತ್ತ ಬಂಡೆಯ ಮೇಲೆ ಕೂತ. ಕೆಳಗೆ ಎಲ್ಲರೂ ನೀರಿಗೆ ಬಾಯಿ ಹಾಕಿದ್ದರು. ಆಗ ಮತ್ತಿಮರಗಳ ಕಡೆಯಿಂದ ಗಾಳಿ ಬೀಸಿತು. ಗಾಳಿಯಲ್ಲಿ ಚಿರತೆಯ ವಾಸನೆ ಇತ್ತು.

ಹೆಂಚಪ್ಪ ಬೆನ್ನನ್ನು ಬಂಡೆಗೆ ತಾಗಿಸಿದ. ಹಾಗೇ ನಿಂತ.

'ಸದ್ದು ಮಾಡಿದರೆ ಚಿರತೆ ಮೊದಲು ಬರುವುದು ನನ್ನ ಹತ್ತಿರಕ್ಕೇ. ನನ್ನನ್ನು ಚೆಂಡಿನ ಹಾಗೆ ಆಡಿಸುತ್ತದೆ. ನಾಳೆಯೆಲ್ಲ ಮೈಕೈ ನೋವು. ಅವರಿಗೆ ಕಾಲಿದೆ, ಓಡುತ್ತಾರೆ. ಮುಸುವನಿಗೆ ಕಣ್ಣಿದೆ, ಅವನೇ ನೋಡಿ ಕೂಗಲಿ.'

ಹೀಗೆ ಲೆಕ್ಕ ಹಾಕಿ ಅವನು ಸದ್ದಿಲ್ಲದೆ ಉಂಡೆಯಾದ.

ಮರದ ಮೇಲಿದ್ದ ಮುಸುವ ಕರಿಮೂತಿ ಚಿರತೆಯನ್ನು ನೋಡಿ ಕೆಮ್ಮಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಚಿರತೆ ಹಾರಿಯಾಗಿತ್ತು. ಹುರುಳಿ ಮರಿಯನ್ನು ಪೊದೆಯೊಳಕ್ಕೆ ತಳ್ಳಿದಳು. ತಾನು ಒಳಗೆ ಹೋಗಲು ಅವಳಿಗೆ ಸಮಯ ಸಾಲಲಿಲ್ಲ.

ಚಿರತೆ ಹೋದ ಮೇಲೆ ಎಲ್ಲರೂ ಬಂಡೆಯ ಸುತ್ತ ಸೇರಿದರು. ಸೂಜಜ್ಜಿ ಕೇಳಿದಳು: "ಹೆಂಚಪ್ಪ, ನೀನು ಸದ್ದು ಮಾಡಿದ್ಯೋ ಇಲ್ವೋ?"

ಆಗಲಾದರೂ ಅವನು ನಿಜ ಹೇಳಬಹುದಿತ್ತು. ಹೆದರಿದೆ, ತಪ್ಪಾಯಿತು ಎನ್ನಬಹುದಿತ್ತು. ಆದರೆ ಅವನ ನಾಲಿಗೆ ಬಲು ಉದ್ದ.

"ಮಾಡದೆ ಇರ್ತೀನಾ ಅಜ್ಜಿ? ಬೆನ್ನು ಸವೆಯೋ ಹಾಗೆ ಉಜ್ಜಿದೆ. ನಿಮ್ಮ ಗಲಾಟೆಯಲ್ಲಿ ನಿಮಗೆ ಕೇಳಿಸಲಿಲ್ಲ. ಹುರುಳಿಗೆ ಮೊಲದ ಕಿವಿ, ಅವಳಿಗೆ ಕೇಳಿಸಿಯೇ ಇರುತ್ತೆ. ಇನ್ನೊಂದು ಗುಟುಕು ಅಂತ ಆಸೆಪಟ್ಟು ನಿಂತಿರಬೇಕು, ಪಾಪ."

ಎಲ್ಲರೂ ನಂಬಿದರು. ಕಾವಲಿನವರು ಸುಳ್ಳು ಹೇಳಿದ್ದು ಆ ಕಾಡಿನಲ್ಲಿ ಯಾರೂ ಕೇಳಿರಲಿಲ್ಲ. ಮರುದಿನದಿಂದ ತಾಯಂದಿರು ಮರಿಗಳಿಗೆ ಬುದ್ಧಿ ಹೇಳತೊಡಗಿದರು: "ಹುರುಳಿಯ ಹಾಗೆ ನೀರಿನಾಸೆ ಮಾಡಬೇಡಿ." ಆ ಮಾತು ಗರಿಕೆಯ ಕಿವಿಗೂ ಬಿತ್ತು. ಅದು ಹುಲ್ಲಿನೊಳಗೆ ತಲೆ ತೂರಿಸಿಕೊಂಡಿತು. ತಾಯಿಯಿಲ್ಲದ ಆ ಮರಿಯನ್ನು ಸೂಜಜ್ಜಿ ತನ್ನ ಬಿಲದ ಬಳಿ ಇಟ್ಟುಕೊಂಡಳು.

ಎಲ್ಲರೂ ಸೇರಿ ಹೊಸದೊಂದು ನಿಯಮವನ್ನೂ ಮಾಡಿದರು. ಇನ್ನು ಮೇಲೆ ಕರ್ ಎಂಬ ಸಣ್ಣ ಸದ್ದು ಕೇಳಿದರೂ ಸಾಕು, ಎಲ್ಲರೂ ಓಡಬೇಕು.

ಹೆಂಚಪ್ಪ ನಡೆದರೂ ಅವನ ಚಿಪ್ಪುಗಳು ಕಲ್ಲಿಗೆ ತಾಗಿ ಕರ್ ಎನ್ನುತ್ತಿದ್ದವು! ಮರುದಿನ ಅವನು ಹೊಂಡಕ್ಕೆ ಇಳಿಯುತ್ತಿದ್ದಂತೆ ಎಲ್ಲರೂ ನೀರು ಬಿಟ್ಟು ದಿಕ್ಕಾಪಾಲಾಗಿ ಓಡಿದರು. ಹೊಂಡದ ಬಳಿ ಅವನೊಬ್ಬನೇ ಉಳಿದ. ನೀರು ತಿಳಿಯಾಗಿತ್ತು. ಹೆಂಚಪ್ಪನಿಗೆ ನಗು ಬಂತು. ಹೊಟ್ಟೆ ತುಂಬ ಕುಡಿದ.

"ನಿನಗೇನಪ್ಪ! ಮಹಾರಾಜರ ಸವಾರಿ ಬಂದ ಹಾಗೆ ಎಲ್ಲರೂ ದಾರಿ ಬಿಡ್ತಾರೆ," ಎಂದ ಕರಿಮೂತಿ ಕೊಂಬೆಯ ಮೇಲಿನಿಂದ.

ಕೆಲವು ದಿನ ನೋಡಿ ಸೂಜಜ್ಜಿ ಬಂದಳು. "ಹೆಂಚಪ್ಪ, ನಾವೆಲ್ಲ ಕುಡಿದಾದ ಮೇಲೆ ಬಾರೋ. ನಿನ್ನ ಸದ್ದಿಗೆ ಮರಿಗಳು ಅರ್ಧ ಬಾಯಿ ನೀರು ಬಿಟ್ಟು ಓಡ್ತಿವೆ. ಬಿಸಿಲು ನೋಡು ಹೇಗಿದೆ!"

"ಹಾಗಾದರೆ ಯಾವುದು ನನ್ನ ನಡಿಗೆ, ಯಾವುದು ಕಾವಲಿನ ಸದ್ದು ಅಂತ ನಿಂತು ಯೋಚಿಸ್ತಾರಾ? ಹಾಗೆ ನಿಂತೇ ಅಲ್ವಾ ಹುರುಳಿ ಹೋದದ್ದು? ಓಡಿದರೇನು ನಷ್ಟ, ಓಡಲಿ ಬಿಡಿ ಅಜ್ಜಿ."

ಸೂಜಜ್ಜಿ ತಿರುಗಿ ಹೋದಳು.

ಆದರೆ ತಿಳಿನೀರು ಎಷ್ಟು ದಿನ ರುಚಿಸೀತು? ಹೊಂಡದ ಬಳಿ ಮಾತಿಲ್ಲ, ನಗುವಿಲ್ಲ. ಅಣ್ಣ ಎಂದು ಕರೆಯುವವರಿಲ್ಲ. ಹೆಂಚಪ್ಪ ಹೋದಲ್ಲೆಲ್ಲ ಮುಂದಿನ ದಾರಿ ಬರಿದಾಗುತ್ತಿತ್ತು. ಓಡಿಹೋದವರ ಹೆಜ್ಜೆಗಳಷ್ಟೇ ಮಣ್ಣಿನಲ್ಲಿ ಉಳಿದಿರುತ್ತಿದ್ದವು.

ಬೇಸಿಗೆ ಬಲಿಯಿತು. ಹೊಂಡ ತಳ ಮುಟ್ಟಿತು. ಒಂದು ಸಂಜೆ ಹೆಂಚಪ್ಪ ಇಳಿದು ಬಂದಾಗ ಎಂದಿನಂತೆ ಎಲ್ಲರೂ ಓಡಿದರು. ಗರಿಕೆ ಮಾತ್ರ ಓಡಲಿಲ್ಲ. ಅದು ಕೆಸರಿನಲ್ಲಿ ಪಕ್ಕಕ್ಕೆ ಬಿದ್ದಿತ್ತು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಒದ್ದೆ ಮಣ್ಣನ್ನು ನೆಕ್ಕುತ್ತಿತ್ತು.

"ಗರಿಕೆ, ಓಡಲಿಲ್ವಾ?" ಎಂದ ಹೆಂಚಪ್ಪ.

ಮರಿ ಕಣ್ಣು ಬಿಟ್ಟಿತು. "ಸದ್ದು ಕೇಳಿಸ್ತು ಮಾವ. ನಾನು ನೀರಿನಾಸೆಗೆ ನಿಂತಿಲ್ಲ. ಕಾಲು ಏಳ್ತಿಲ್ಲ. ಅಮ್ಮನ್ನ ಬೈದ ಹಾಗೆ ನನ್ನನ್ನ ಬೈಬೇಡಿ ಅಂತ ಎಲ್ಲರಿಗೂ ಹೇಳ್ತೀರಾ?"

ಚಿರತೆಯ ಹಲ್ಲಿಗೆ ಬಗ್ಗದ ಚಿಪ್ಪಿನೊಳಗೆ ಆ ಮಾತು ಇಳಿಯಿತು. ಹೆಂಚಪ್ಪ ಬಾಲವನ್ನು ನೀರಿನಲ್ಲಿ ಅದ್ದಿ ತಂದು, ಹನಿ ಹನಿಯಾಗಿ ಮರಿಯ ಬಾಯಿಗೆ ಬಿಟ್ಟ. ಮರಿ ಚೇತರಿಸಿಕೊಂಡಿತು. ಆಮೇಲೆ ಅವನು ಬಂಡೆ ಹತ್ತಿ, ತನ್ನ ಸಣ್ಣ ಗಂಟಲಿನಲ್ಲೇ ಮತ್ತೆ ಮತ್ತೆ ಎಲ್ಲರನ್ನೂ ಕರೆದ.

"ಓಡಬೇಡಿ, ಬನ್ನಿ. ಆ ದಿನ ನಾನು ಸದ್ದು ಮಾಡಲೇ ಇಲ್ಲ. ವಾಸನೆ ಬಂದಿತ್ತು. ನನ್ನ ಮೈ ನೋಯುತ್ತೆ ಅಂತ ಸುಮ್ಮನೆ ಸುತ್ತಿಕೊಂಡೆ. ಹುರುಳಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸೋಕೆ ಏನೂ ಇರಲೇ ಇಲ್ಲ."

ಸೂಜಜ್ಜಿಯ ಮುಳ್ಳುಗಳು ನೆಟ್ಟಗೆ ನಿಂತವು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಇಳಿದವು.

"ಹೆದರಿ ಸುತ್ತಿಕೊಂಡಿದ್ದರೆ ಹೋಗಲಿ ಅನ್ನಬಹುದಿತ್ತು ಕಣೋ. ಎಲ್ಲರೂ ಒಂದಲ್ಲ ಒಂದು ದಿನ ಹೆದರಿದವರೇ. ತಪ್ಪನ್ನ ಸತ್ತವಳ ತಲೆ ಮೇಲೆ ಹಾಕಿದೆಯಲ್ಲ! ಅವಳ ಮಗು ಎದುರಿಗೇ ಇತ್ತಲ್ಲೋ!"

"ಇನ್ನು ಮೇಲೆ ದಿನವೂ ನಾನೇ ಕಾವಲು ಕೂರ್ತೀನಿ ಅಜ್ಜಿ. ನನಗೇ ಕೊಡಿ."

"ಕಾವಲು ಬೇಡಿ ತಗೊಳ್ಳೋದಲ್ಲ. ನಂಬಿ ಕೊಡೋದು. ಆ ನಂಬಿಕೆ ನಮ್ಮ ಹತ್ತಿರ ಈಗ ಇಲ್ಲ. ಇಲ್ಲದ್ದನ್ನ ಎಲ್ಲಿಂದ ಕೊಡಲಿ?"

ಅಂದಿನಿಂದ ಅವನ ಸದ್ದಿಗೆ ಯಾರೂ ಓಡಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ, ಅಟ್ಟಲಿಲ್ಲ, ಕರೆಯಲೂ ಇಲ್ಲ. ಹೆಂಚಪ್ಪ ಎಲ್ಲರೂ ಕುಡಿದು ಹೋದ ಮೇಲೆ ಬಂದು ಕೆಸರುನೀರು ಕುಡಿಯುತ್ತಿದ್ದ. ಅದಕ್ಕೆ ಮುಂಚೆ, ಯಾರೂ ಹೇಳದಿದ್ದರೂ, ಬಂಡೆಗಿಂತ ಎತ್ತರದಲ್ಲಿದ್ದ ದಿಣ್ಣೆಯ ಒಂದು ಕಲ್ಲಿನ ಪಕ್ಕ ಮೂಗೆತ್ತಿ ಕೂರುತ್ತಿದ್ದ.

ಮಳೆಗೆ ಇನ್ನೂ ಸ್ವಲ್ಪ ದಿನಗಳಿದ್ದಾಗ ಚಿರತೆ ಮತ್ತೆ ಬಂತು. ಈ ಸಲ ದಿಣ್ಣೆಯ ಹಿಂದಿನಿಂದ ಬಂತು. ಬಂಡೆಯ ಮೇಲೆ ಕಾವಲಿದ್ದ ಮುಂಗುಸಿಗೆ ಅದು ಕಾಣುವಂತಿರಲಿಲ್ಲ. ಹೆಂಚಪ್ಪನಿಗೆ ವಾಸನೆ ಬಡಿಯಿತು. ಅವನ ಮೂತಿ ತಾನಾಗಿಯೇ ಹೊಟ್ಟೆಯ ಕಡೆ ಬಾಗಿತು. ಅವನು ಅದನ್ನು ಎತ್ತಿ ಹಿಡಿದು ಬೆನ್ನನ್ನು ಕಲ್ಲಿಗೆ ಉಜ್ಜಿದ.

ಕರ್ ಕರ್.

ಕೆಳಗೆ ಯಾರೂ ತಲೆಯೆತ್ತಲಿಲ್ಲ. "ಹೆಂಚಪ್ಪ ಓಡಾಡ್ತಿದ್ದಾನೆ. ನೀವು ಕುಡೀರಿ," ಎಂದ ಕರಿಮೂತಿ.

ಹೆಂಚಪ್ಪ ಇನ್ನೂ ಜೋರಾಗಿ ಉಜ್ಜಿದ. ಒಂದು ಚಿಪ್ಪು ಸೀಳಿಹೋಯಿತು. ಮತ್ತೊಂದು ಕಿತ್ತು ಬಂತು. ಹಿಂದೆ ಒಣ ಎಲೆಗಳ ಮೇಲೆ ಹೆಜ್ಜೆ ಕೇಳಿಸಿತು. ಅವನು ಸುತ್ತಿಕೊಳ್ಳಲಿಲ್ಲ. ಉಜ್ಜುತ್ತಲೇ ಇದ್ದ.

ನೀರಿನ ಬಳಿ ಗರಿಕೆಯ ಕಿವಿಗಳು ನೆಟ್ಟಗಾದವು. ತಾಯಿ ಹೋದಂದಿನಿಂದ ಆ ಮರಿ ಹೆಂಚಪ್ಪನ ಒಂದೊಂದು ಸದ್ದನ್ನೂ ಕಿವಿಗೊಟ್ಟು ಕೇಳಿತ್ತು. ಇದು ನಡಿಗೆಯ ಸದ್ದಲ್ಲ. ಅದು ತನ್ನ ಪುಟ್ಟ ಹಿಂಗಾಲಿನಿಂದ ನೆಲವನ್ನು ದಬದಬ ಬಡಿಯಿತು. ಎಲ್ಲರೂ ಓಡಿದರು. ಒಬ್ಬರೂ ಚಿರತೆಗೆ ಸಿಗಲಿಲ್ಲ.

ಚಿರತೆಯ ಪಂಜ ಬಿದ್ದ ಮೇಲೆಯೇ ಹೆಂಚಪ್ಪ ಉಂಡೆಯಾದದ್ದು. ಚಿರತೆ ಅವನನ್ನು ಕಚ್ಚಿತು, ದಿಣ್ಣೆಯಿಂದ ಕೆಳಗೆ ಉರುಳಿಸಿತು. ಕೊನೆಗೆ ಬೇಸತ್ತು ಹೊರಟುಹೋಯಿತು.

ಬಹಳ ಹೊತ್ತಿನ ಮೇಲೆ ಅವನು ಮೆಲ್ಲಗೆ ಬಿಚ್ಚಿಕೊಂಡ. ಬೆನ್ನಿನಿಂದ ರಕ್ತ ಬರುತ್ತಿತ್ತು. ಪ್ರಾಣಿಗಳು ಒಬ್ಬೊಬ್ಬರಾಗಿ ಮರಳಿ ಬಂದು ದೂರದಲ್ಲಿ ನಿಂತರು. ಸೂಜಜ್ಜಿ ಹತ್ತಿರ ಬಂದು ಗಾಯ ನೋಡಿದಳು. "ಒಳ್ಳೇ ಕೆಲಸ ಮಾಡಿದೆ," ಎಂದಳು. ಹೆಂಚಪ್ಪನಿಗೆ ಅಳು ಒತ್ತಿ ಬಂತು.

ಆಗ ಗರಿಕೆ ಮುಂದೆ ಬಂತು.

"ಮಾವ, ನೀವು ಉಜ್ಜಿದ್ದು ಅಷ್ಟು ಮೇಲಿನ ದಿಣ್ಣೆಯಲ್ಲಿ. ನಾನಿದ್ದದ್ದು ಕೆಳಗೆ ನೀರಿನ ಹತ್ತಿರ. ಆದರೂ ನನಗೆ ಕೇಳಿಸ್ತು."

"ಹೌದು ಮಗು."

"ಆ ದಿನ ನೀವು ಬಂಡೆಯ ಮೇಲೇ ಇದ್ರಿ. ಅಮ್ಮ ಬಂಡೆಯ ಕೆಳಗೇ ಇದ್ದಳು. ಉಜ್ಜಿದ್ದರೆ ಅವಳಿಗೂ ಕೇಳಿಸ್ತಿತ್ತಾ?"

ಹೆಂಚಪ್ಪ ಸೂಜಜ್ಜಿಯ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಈ ಪ್ರಶ್ನೆಗೆ ಅವನ ಬದಲು ಉತ್ತರ ಕೊಡುವವರು ಯಾರೂ ಇರಲಿಲ್ಲ.

"ಕೇಳಿಸ್ತಿತ್ತು," ಎಂದ.

ಗರಿಕೆ ತಲೆಯಾಡಿಸಿತು. ಬಿಟ್ಟುಬಂದ ನೀರು ಕುಡಿಯಲು ಹೋಯಿತು. ಹೆಂಚಪ್ಪ ಮೂತಿಯನ್ನು ಹೊಟ್ಟೆಯೊಳಗೆ ಸೇರಿಸಿ, ಮೇಲೆ ಬಾಲ ಸುತ್ತಿಕೊಂಡ. ಆಗ ಸುತ್ತಮುತ್ತ ಎಲ್ಲೂ ಚಿರತೆ ಇರಲಿಲ್ಲ.

ನೀತಿ: ಯಾರಿಗೆ ರಕ್ಷೆಯಿದೆಯೋ ಅವರೇ ಮೊದಲು ಇತರರನ್ನು ಎಚ್ಚರಿಸಬೇಕು. ತಪ್ಪನ್ನು ಮಾತನಾಡಲಾಗದವರ ಮೇಲೆ ಹಾಕಬಾರದು. ಮುಂದೆ ಎಷ್ಟು ಒಳ್ಳೆಯದನ್ನು ಮಾಡಿದರೂ ಮಾಡಬೇಕಾದ ದಿನ ಮಾಡದೇ ಹೋದದ್ದು ಮಾಡಿದಂತಾಗುವುದಿಲ್ಲ.