ಮಂಗನ ನಾಲ್ಕು ಆರ್ಡರು

ಎಲೆಕ್ಟ್ರಾನಿಕ್ ಚಿಪ್ ಕಾರ್ಖಾನೆಗಳ ಷೇರು ಏರುತ್ತಲೇ ಇತ್ತು. ಮೊಲವೊಂದು ಮಳೆಗಾಲಕ್ಕೆಂದು ಕೂಡಿಟ್ಟ ಕಡಲೆಯನ್ನೆಲ್ಲ ಹೊತ್ತು, ಷೇರು ಮಾರುವ ನರಿಯ ಬಳಿ ಬಂತು.

"ಯೋಚನೆ ಯಾಕೆ ಮೊಲರಾಯರೇ? ಆಟಿಕೆ ಮಾಡುವ ಮಂಗ ಒಬ್ಬನೇ ನಾಲ್ಕು ಕಾರ್ಖಾನೆಗೆ ಆರ್ಡರು ಕೊಟ್ಟಿದ್ದಾನೆ!" ಎಂದಿತು ನರಿ.

ಪಕ್ಕದಲ್ಲಿದ್ದ ಮುಂಗುಸಿಗೆ ಅನುಮಾನ ಬಂತು. ಮಂಗನನ್ನೇ ಕೂಗಿ ಕೇಳಿತು: "ಅಷ್ಟೊಂದು ಚಿಪ್ ಏನು ಮಾಡ್ತೀಯಪ್ಪ?"

"ನನಗೆ ಬೇಕಿರುವುದು ಒಂದೇ ಆರ್ಡರಿನಷ್ಟು. ಎಲ್ಲೆಲ್ಲೂ ಕೊರತೆಯಲ್ಲವೇ? ಯಾರು ಮೊದಲು ಕೊಡುತ್ತಾರೋ ಅವರದು ಸಾಕು, ಉಳಿದ ಮೂರು ರದ್ದು. ಎಲ್ಲರೂ ಮಾಡೋದು ಹೀಗೇ."

"ಕೇಳಿಸಿತೇ?" ಎಂದು ಮುಂಗುಸಿ ಮೊಲದತ್ತ ತಿರುಗಿತು.

"ಕೇಳಿಸಿತು. ಆದರೆ ಷೇರು ಏರ್ತಾ ಇದೆಯಲ್ಲ ಸ್ವಾಮಿ!" ಎನ್ನುತ್ತ ಮೊಲ ಮೂಟೆ ಇಳಿಸಿತು.

ನರಿ ತನ್ನಲ್ಲಿದ್ದ ಕೊನೆಯ ಷೇರನ್ನೂ ಅದಕ್ಕೆ ಕೊಟ್ಟು, ಕಡಲೆ ಎತ್ತಿಕೊಂಡು ನಡೆಯಿತು. ಅಂದು ಸಂಜೆಯೇ ಮೊದಲ ಕಾರ್ಖಾನೆಯ ಚಿಪ್ ಮಂಗನ ಮನೆ ಸೇರಿತು; ಉಳಿದ ಮೂರು ಆರ್ಡರು ರದ್ದಾದವು. ಮಾರನೆಯ ದಿನ ಷೇರು ಕೊಳ್ಳುವವರೇ ಇರಲಿಲ್ಲ.