ದೊರೆಯ ಮೈಗೆ ಬಳಿದ ಲೇಪ

ಪಾಳೆಯಪಟ್ಟಿಗೆ ದೊಡ್ಡ ಗಂಡಾಂತರ ಒದಗಿತ್ತು: ದೊರೆಯ ಅತ್ತರಿನ ವಾಸನೆಗೆ ಜಿಂಕೆಗಳು ದೂರದಿಂದಲೇ ಓಡಿಹೋಗುತ್ತಿದ್ದವು. ದೊರೆ ಮಾತ್ರ ತಪ್ಪೆಲ್ಲ ಬೇಟೆಯಾಳು ಸಣ್ಣೋಬನ ಬೆವರಿನದು ಎಂದರು.

“ನಾಳೆ ಜಿಂಕೆ ನನ್ನ ಕೈಗೆಟುಕುವಷ್ಟು ಹತ್ತಿರ ಬರಬೇಕು. ಇಲ್ಲದಿದ್ದರೆ ನೀನು ಊರು ಬಿಡು.”

ಸಣ್ಣೋಬ ಕೈಮುಗಿದ. “ನನ್ನ ನಾತಕ್ಕೆ ಒಂದು ಲೇಪ ಐತೆ ದೊರೆ. ಆದ್ರೆ ಅದನ್ನ ದೊಡ್ಡೋರ ಮೈಗೆ ಬಳಿದ್ರೆ ಮಾತ್ರ ಹಿಡೀತೈತೆ.”

ಬೆಳಿಗ್ಗೆ ದೊರೆಯ ಅತ್ತರು ತೊಳೆದು, ಜಿಂಕೆಗಳು ಆಸೆಪಟ್ಟು ನೆಕ್ಕುವ ಉಪ್ಪುಮಣ್ಣನ್ನು ಮೀಸೆಯವರೆಗೂ ಮೆತ್ತಿದ.

ಪೊದೆಯ ಮರೆಯಲ್ಲಿ ಕೂತಿದ್ದ ದೊರೆಯ ಹತ್ತಿರ ಜಿಂಕೆಯೊಂದು ನೆಟ್ಟಗೆ ಬಂದು ಮುಖ ನೆಕ್ಕತೊಡಗಿತು. ದೊರೆ ಕಲ್ಲಾದರು. ಕೋವಿ ಕೈಯಿಂದ ಜಾರಿತು.

“ಹೊಡೀರಿ ದೊರೆ,” ಎಂದ ಸಣ್ಣೋಬ ಮೆಲ್ಲಗೆ.

“ಹೆಂಗೋ ಹೊಡೀಲಿ? ಮೀಸೆ ಅದರ ಬಾಯಾಗೈತೆ.”

ಸಣ್ಣೋಬ ಊರಲ್ಲೇ ಉಳಿದ. ಅಂದು ಅರಮನೆಯಲ್ಲಿ ಹುರುಳಿ ಸಾರು ಮಾಡಿದರು.